ಮೀಯಾ ಕಲಿತ 'ಬೇಡ'

ಇವತ್ತು ಜರ್ಮನಿಯ ಉಂಟರ್‌ಫ್ಯೋರಿಂಗ್ ಊರಿನ ನಮ್ಮ ಆಫೀಸಿನ ಅಡುಗೆಮನೆಯಲ್ಲಿ ಯಾರೋ ಚಾಕೊಲೇಟ್ ಡಬ್ಬಿ ಬಿಚ್ಚಿಟ್ಟಿದ್ದರು. ಬ್ರಾಂದಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಒಬ್ಬಳೇ ನಗತೊಡಗಿದೆ. ಯಾಕೆಂದು ಹೇಳುತ್ತೇನೆ. ಆದರೆ ನನ್ನ ನೆನಪನ್ನು ಪೂರ್ತಿ ನಂಬಬೇಡಿ. ನಡೆದದ್ದನ್ನು ಇಸ್ತ್ರಿ ಮಾಡಿ ಕೊಡುವುದು ಅದರ ಚಾಳಿ.

ನಾಲ್ಕು ವರ್ಷದ ಹಿಂದೆ ಇದೇ ದೇಶದ ಬಾನ್ ನಗರದಲ್ಲಿದ್ದೆ. ಮೇಲಿನ ಮನೆಯಲ್ಲಿ ಹೈಕೆ ಎಂಬ ಹೆಂಗಸು ಮತ್ತು ಅವರ ಸಾಕುಮಗಳು ಮೀಯಾ. ಮೀಯಾಳನ್ನು ಹೆತ್ತಾಕೆ ಬಸುರಿಯಾಗಿದ್ದಾಗ ಕುಡಿಯುತ್ತಿದ್ದಳು. "ಪಾಪ, ಅವಳಿಗೂ ಯಾರೂ ಇರಲಿಲ್ಲ" ಎನ್ನುತ್ತಿದ್ದರು ಹೈಕೆ, ಅಷ್ಟೇ. ಆ ಮದ್ಯ ಮಗುವಿನ ಮಿದುಳನ್ನು ಮುಟ್ಟಿತ್ತು. ಹದಿನೈದರ ಮೀಯಾ ಬಸ್ಸಿನಲ್ಲಿ ಗುರುತಿಲ್ಲದವರ ಭುಜಕ್ಕೊರಗಿ ಇಡೀ ದಿನದ ವರದಿ ಒಪ್ಪಿಸುವಳು. ಗೆಳತಿಯರು ತನ್ನ ಜೊತೆ ನಗುತ್ತಿದ್ದಾರೋ ತನ್ನನ್ನು ನೋಡಿ ನಗುತ್ತಿದ್ದಾರೋ ಅವಳಿಗೆ ತಿಳಿಯದು. ಯಾರು ಏನು ಕೊಟ್ಟರೂ ತೆಗೆದುಕೊಳ್ಳುವಳು, ಕೊಟ್ಟವರಿಗೆ ಬೇಜಾರಾಗಬಾರದಲ್ಲ!

ಹದಿನಾರು ತುಂಬಿದರೆ ಇಲ್ಲಿ ಅಂಗಡಿಯಲ್ಲೇ ಬಿಯರ್ ಕೊಡುತ್ತಾರೆ. ಹೈಕೆಗೆ ಅದೇ ಭಯ. "ಇವಳ ಮೈಗೆ ಒಂದು ಗ್ಲಾಸ್ ಅಂದ್ರೆ ಎಷ್ಟು ಅಂತ ಡಾಕ್ಟರಿಗೂ ಹೇಳಕ್ಕಾಗಲ್ಲ. ಬೇರೆಯವರಿಗೆ ಅಮಲು ಹತ್ತೋ ಥರ ಇವಳಿಗೆ ಹತ್ತದೇ ಇರಬಹುದು, ಚಟ ಬೇಗ ಹಿಡೀಬಹುದು. ಬೇಡ ಅನ್ನೋದೊಂದು ಕಲಿತರೆ ಸಾಕು."

ಹಾಗಾಗಿ ಮೆಟ್ಟಿಲ ಮೇಲೆ ತಾಲೀಮು. ಬಿಯರ್ ಕೊಡುವ ಪಾತ್ರ ನನ್ನದು, ಲೋಟದಲ್ಲಿ ಮಜ್ಜಿಗೆ.

"ತಗೋ ಮೀಯಾ, ಬಿಯರ್."

"ಥ್ಯಾಂಕ್ಸ್!" ಗಟಗಟ ಕುಡಿದೇಬಿಟ್ಟಳು.

"ಅಯ್ಯೋ ಹುಡುಗೀ, ಬೇಡ ಅನ್ನಬೇಕಿತ್ತು!"

"ನೀನು ಪ್ರೀತಿಯಿಂದ ಕೊಟ್ಟೆ, ಹೇಗೆ ಬೇಡ ಅನ್ನಲಿ? ಇಂಗು ಸ್ವಲ್ಪ ಜಾಸ್ತಿ."

ಆಡಿದ್ದೆಲ್ಲ ಜರ್ಮನ್ನಿನಲ್ಲಿ, ನನ್ನ ನೆನಪಿನಲ್ಲಿ ಮಾತ್ರ ಎಲ್ಲರೂ ಮೈಸೂರಿನವರು. ಹೈಕೆಗೆ ಬೇಡ ಎನ್ನಲು ಮೀಯಾ ಹೇಗೋ ಕಲಿತಳು. ನನಗೆ ಬೇಡ ಎನ್ನಲು ಮಾತ್ರ ಅವಳಿಂದ ಒಂದು ಸಲವೂ ಆಗಲಿಲ್ಲ.

ಹದಿನಾರನೇ ಹುಟ್ಟುಹಬ್ಬಕ್ಕೆ ನಾನು ಮೊಟ್ಟೆಯಿಲ್ಲದ ಕೇಕು ಮಾಡಿದೆ. ಮೇಲೆ ಅಲಂಕಾರಕ್ಕೆ ಅಂಗಡಿಯ ಚಾಕೊಲೇಟ್. ನನ್ನಂಥ ಸಸ್ಯಾಹಾರಿಯ ಕಣ್ಣು ಇಲ್ಲಿನ ಡಬ್ಬಿಗಳ ಮೇಲೆ ಎರಡನ್ನೇ ಹುಡುಕುತ್ತದೆ: ಮೊಟ್ಟೆ, ಜೆಲಾಟಿನ್. ಎರಡೂ ಇರಲಿಲ್ಲ. ಗೆದ್ದೆ ಎಂದುಕೊಂಡೆ. ಪಟ್ಟಿಯಲ್ಲಿದ್ದ ಬ್ರಾಂದಿಯನ್ನು ಕಣ್ಣು ಆರಾಮಾಗಿ ದಾಟಿಹೋಗಿತ್ತು.

ಅಂಗಳದಲ್ಲಿ ಬಲೂನು, ಹಾಡು, ಕ್ಲಾಸಿನ ಮಕ್ಕಳ ಗಲಾಟೆ. ಚಾಕು ತಾಗಿ ಒಂದು ಚಾಕೊಲೇಟ್ ಒಡೆದಿತ್ತು. ಆ ತುಂಡನ್ನೇ ಅವಳ ಬಾಯಿಯ ಹತ್ತಿರ ಹಿಡಿದೆ. ಮೀಯಾ ಮೂಸಿದಳು. ನನ್ನನ್ನು ನೋಡಿದಳು. ಕೆನ್ನೆ ಕೆಂಪಾಯಿತು.

"ಬೇಡ."

"ಒಂದೇ ತುತ್ತು ಪುಟ್ಟಿ, ನಿನಗೋಸ್ಕರ ಮಾಡಿದ್ದು..."

"ಬೇಡ. ಇದರಲ್ಲಿ ಮದ್ಯ ಇದೆ."

ಡಬ್ಬಿ ತಂದು ಓದಿದೆವು. ಇತ್ತು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸುತ್ತಿದ್ದರೆ, ಹೈಕೆ ನನ್ನನ್ನೇ ತಬ್ಬಿಕೊಂಡು ಕುಣಿಯತೊಡಗಿದರು: "ನಿನಗೇ ಬೇಡ ಅಂದ್ಲು! ಕೇಳಿಸ್ತಾ? ನಿನಗೇ!" ನಾನೂ ಕುಣಿದೆನಂತೆ, ಬಲೂನೊಂದು ನನ್ನ ಕಾಲಡಿ ಒಡೆಯಿತಂತೆ.

ಇಲ್ಲಿಗೆ ನಿಲ್ಲಿಸಿದರೆ ಕತೆ ಚೆಂದ. ಆ ಚೆಂದದ ಮೇಲೇ ನನಗೆ ಅನುಮಾನ. ಇವತ್ತು ಸಂಜೆ ಮೀಯಾಗೆ ಫೋನ್ ಮಾಡಿದೆ. ಈಗ ಇಪ್ಪತ್ತು ಅವಳಿಗೆ. ಹೂಗಿಡಗಳ ನರ್ಸರಿಯಲ್ಲಿ ಕೆಲಸ.

"ಅವತ್ತು ನಿನ್ನ ಕೆನ್ನೆ ಕೆಂಪಾಗಿತ್ತಲ್ವಾ?"

"ಅಳ್ತಾ ಇದ್ದೆ. ನಿನಗೆ ಮರೆತೇಹೋಗಿದೆ."

ಅಳು! ನನ್ನ ನೆನಪು ಅದನ್ನು ಒರೆಸಿಹಾಕಿತ್ತು, ನೋಡಿ.

"ಮತ್ತೆ ಹೇಗೆ ಬೇಡ ಅಂದೆ?"

"ನಿನಗೆ ಬೇಜಾರಾದ್ರೂ ನಾಳೆ ಮತ್ತೆ ನಮ್ಮನೆಗೆ ಬರ್ತೀಯ ಅಂತ ಗೊತ್ತಿತ್ತು."

"ಭಾನುವಾರ ರೈಲು ಹತ್ತಿ ಬಂದುಬಿಡ್ತೀನಿ ಕಣೇ" ಎಂದೆ.

"ಬೇಡ" ಎಂದಳು, ಒಂದು ಕ್ಷಣವೂ ತಡೆಯದೆ. "ಭಾನುವಾರ ನನಗೆ ಬೇರೆ ಕೆಲಸ ಇದೆ. ಶನಿವಾರ ಬಾ."