ಹಿಡಿ ಕಿತ್ತ ವಾಲ್ವ್

ನಿನ್ನ ಚಿಕ್ಕತಾತನ ವಿಷಯ ಬರೆದುಕೋ ಮಗಳೇ, ಅಂದರೆ ನನ್ನ ಮೈದುನ. ನಲ್ಲಿ, ಪೈಪು ರಿಪೇರಿ ಅವನ ಕಸುಬು. ಊರವರಿಗೆಲ್ಲ ಅವನು ಕೊಳಾಯಿ. ಮಾತು ಮಾತ್ರ ಹನಿಹನಿ. ನಮ್ಮ ಮನೆಗೆ ಬಂದರೆ ಮೊದಲು ನಮ್ಮನ್ನಲ್ಲ, ಗೋಡೆಯ ಪೈಪುಗಳನ್ನು ವಿಚಾರಿಸುತ್ತಿದ್ದ. ನಾಡಿ ನೋಡುವವನ ಹಾಗೆ ಎರಡು ಬೆರಳಿಟ್ಟು, ತಲೆಯಾಡಿಸಿ, ಆಮೇಲೆ ಚಪ್ಪಲಿ ಬಿಡುತ್ತಿದ್ದ.

ನೆಲಮಾಳಿಗೆಯಲ್ಲಿ ಸೌದೆ ಬಾಯ್ಲರ್ ಕೂರಿಸಿದವನು ಅವನೇ. ಕರೆಂಟಿನ ಪಂಪು ಬಿಸಿನೀರನ್ನು ಕೋಣೆ ಕೋಣೆಗೆ ತಳ್ಳುತ್ತಿತ್ತು. ಗೋಡೆಗೊರಗಿದ ಟೊಳ್ಳು ಕಬ್ಬಿಣದ ಚೌಕಟ್ಟುಗಳಲ್ಲಿ ಅದು ಹರಿದು ಮನೆ ಬೆಚ್ಚಗಾಗುತ್ತಿತ್ತು. ಜೊತೆಗೆ ಒಂದು ದಪ್ಪ ಪೈಪನ್ನು ನೇರ ಅಟ್ಟಕ್ಕೇರಿಸಿ, ಅಲ್ಲೂ ಒಂದು ದೊಡ್ಡ ಚೌಕಟ್ಟು ಇಟ್ಟ. ಕರೆಂಟ್ ಹೋಗಿ ಪಂಪು ನಿಂತರೆ ಬಿಸಿನೀರು ತಾನಾಗಿ ಮೇಲೇರಿ ಅಲ್ಲಿ ಆರಬೇಕಂತೆ, ಇಲ್ಲದಿದ್ದರೆ ಬಾಯ್ಲರ್ ಕುದಿದು ಒಡೆಯುತ್ತದಂತೆ. ರಿಪೇರಿಗೆಂದು ಅಟ್ಟದಲ್ಲಿ ಆ ಪೈಪಿಗೆ ಹಾಕಿದ್ದ ವಾಲ್ವನ್ನು ಯಾರೂ ತಿರುಗಿಸಿ ಮುಚ್ಚದಿರಲಿ ಎಂದು ಅದರ ಹಿಡಿ ಕಿತ್ತು ಜೇಬಿಗೆ ಹಾಕಿಕೊಂಡ. ನಿನ್ನ ತಾತ, "ನನ್ನ ತಮ್ಮ ಅಟ್ಟದ ಪಾರಿವಾಳಗಳಿಗೆ ಬಾಣಂತನ ಮಾಡ್ತಿದ್ದಾನೆ" ಎಂದು ಕಂಡವರಿಗೆಲ್ಲ ಹೇಳಿ ನಕ್ಕರು.

ನಾನು ನಗಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದೆ. ಅಟ್ಟದಲ್ಲಿ ನನ್ನ ಆಲೂಗಡ್ಡೆ ಇತ್ತು. ವಾಲ್ವ್ ಸದಾ ತೆರೆದೇ ಇದ್ದುದರಿಂದ ಅಲ್ಲಿನ ಚೌಕಟ್ಟು ದಿನವಿಡೀ ಬಿಸಿ, ಆ ಶಾಖಕ್ಕೆ ಮೂರೇ ವಾರದಲ್ಲಿ ಬೆರಳುದ್ದ ಮೊಳಕೆ. ಹೊಟ್ಟೆ ಉರಿದು, ಪಾತ್ರೆ ಇಳಿಸುವ ಇಕ್ಕಳ ತೆಗೆದುಕೊಂಡು ಹೋಗಿ ವಾಲ್ವನ್ನು ಹಿಡಿದು ತಿರುಗಿಸಿಯೇಬಿಟ್ಟೆ. ಯಾರಿಗೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಅವನು ಊಟಕ್ಕೆ ಬಂದಿದ್ದ. ವಿಪರೀತ ಚಳಿ, ಆಗಷ್ಟೇ ಬಾಯ್ಲರಿನ ಒಲೆ ತುಂಬ ಸೌದೆ ಒಟ್ಟಿದ್ದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಕೆಳಗಿನಿಂದ ಗುಡುಗುಡು ಸದ್ದು ಕೇಳಿಸಿತು. ಅವನು ಎಂಜಲು ಕೈಯಲ್ಲೇ ಇಳಿದು ಹೋಗಿ, ಬೆಂಕಿಗೆ ಗಾಳಿ ಹೋಗುವ ಮುಚ್ಚಳ ಮುಚ್ಚಿದ. ಬೆಂಕಿಯ ಮೇಲೆ ಸುರಿಯಲು ಬಕೆಟ್ ನೀರು ಹೊತ್ತು ಬಂದ ನಿನ್ನ ತಾತನನ್ನು ತಡೆದ.

"ಬೇಡ ಅಣ್ಣಾ. ಕಾದ ಕಬ್ಬಿಣ ಸೀಳಿಬಿಡತ್ತೆ. ನೀನು ಮಕ್ಕಳನ್ನ ಹೊರಗೆ ಕರಕೊಂಡು ಹೋಗು."

ಅವರು ಹೋದರು. ಬಾಯ್ಲರಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಅವನು ಅಟ್ಟದ ಪೈಪಿಗೆ ಬೆರಳಿಟ್ಟ. ತಣ್ಣಗಿತ್ತು. ತಿರುಗಿ, ಹಿಂದೆಯೇ ಇಳಿದು ಬಂದಿದ್ದ ನನ್ನ ಮುಖ ನೋಡಿದ. ಹೇಳಿಬಿಟ್ಟೆ.

"ಮುಚ್ಚಿದ್ದು ನಾನೇ ಕಣಪ್ಪಾ. ಆಲೂಗಡ್ಡೆ ಹಾಳಾಗ್ತಿತ್ತು."

"ಯಾವುದರಲ್ಲಿ ತಿರುಗಿಸಿದ್ರಿ?"

"ಇಕ್ಕಳದಲ್ಲಿ."

"ಅದನ್ನೇ ತಗೊಂಡು ಹತ್ತಿ ಅತ್ತಿಗೆ. ನಾನು ಇಲ್ಲೇ ಇರ್ತೀನಿ."

ಒಡೆದರೆ ಮೊದಲು ಹೋಗುವವನು ಅವನೇ ಎಂಬುದು ಮೆಟ್ಟಿಲು ಹತ್ತುವಾಗ ಹೊಳೆಯಿತು. ಆಗಲೇ ನನಗೆ ಮಂಡಿನೋವು. ಅವತ್ತು ಅದೆಲ್ಲಿ ಅಡಗಿತ್ತೋ. ಇಕ್ಕಳ ಎರಡು ಸಲ ಜಾರಿತು. ಸೆರಗು ಸುತ್ತಿ ಹಿಡಿದಾಗ ವಾಲ್ವ್ ಕದಲಿತು. ಪೈಪು ಕಟಕಟ ಎಂದಿತು, ಚೌಕಟ್ಟು ನೋಡನೋಡುತ್ತ ಸುಡತೊಡಗಿತು. ಕೆಳಗೆ ಗುಡುಗು ನಿಧಾನಕ್ಕೆ ಇಳಿಯಿತು. ನಾನು ಆಲೂಗಡ್ಡೆ ಮೂಟೆಯ ಮೇಲೆ ಕುಸಿದು ಕೂತು ಅತ್ತೆ.

ಏನಾಗಿತ್ತು ಎಂದು ನಿನ್ನ ತಾತ ಕೇಳಿದಾಗ ಅವನು ತಟ್ಟೆಯ ಮುಂದೆ ಮತ್ತೆ ಕೂತಿದ್ದ.

"ಅಟ್ಟದ ಪೈಪಲ್ಲಿ ಗಾಳಿ ಕಟ್ಟಿತ್ತು ಅಣ್ಣಾ. ಅತ್ತಿಗೆ ಹೋಗಿ ಬಿಡಿಸಿದ್ರು."

ಮಾರನೆಯ ದಿನ ಬಂದು ವಾಲ್ವನ್ನೇ ಕತ್ತರಿಸಿ ತೆಗೆದು, ಆ ಜಾಗಕ್ಕೆ ಬರೀ ಪೈಪು ಹಾಕಿದ. ಮೆಟ್ಟಿಲ ಕೆಳಗೆ, ತಂಪಿರುವ ಕಡೆ, ಆಲೂಗಡ್ಡೆಗೆ ಹಲಗೆಯ ಪೆಟ್ಟಿಗೆ ಹೊಡೆದುಕೊಟ್ಟ. ಪೆಟ್ಟಿಗೆ ಈಗಲೂ ಅಲ್ಲೇ ಇದೆ. ನಿನ್ನ ತಾತನಿಗೆ ಇವತ್ತಿಗೂ ಗೊತ್ತಿಲ್ಲ. ನೀನು ಬರೆದಿದ್ದೀಯಲ್ಲ, ಓದಿ ತಿಳಿಯಲಿ ಬಿಡು.