ಪೂರ್ವದ ಬಾಗಿಲು

ಗುಡ್ಡ ಜಾರಿ ನೆಮ್ಮಾರ್ ಕಡೆಯ ನಮ್ಮ ಆರು ಮನೆಗಳು ಹೋದವು. ಜೀವ ಉಳಿಸಿಕೊಂಡವರಿಗೆ ಸ್ವಲ್ಪ ಬುದ್ಧಿಯಾದರೂ ಬಂದಿರುತ್ತದೆ ಎಂದುಕೊಂಡಿದ್ದೆ.

ಹೊಸ ಜಾಗ ಸಿಕ್ಕಿದ್ದು ಇನ್ನೊಂದು ಗುಡ್ಡದ ಬುಡದಲ್ಲಿ. ಜೆಸಿಬಿ ಗುಡ್ಡ ಕಡಿದು ನೆಲ ಸಮ ಮಾಡಿತ್ತು; ಕಡಿದ ಪೂರ್ವದ ಬದಿಯಲ್ಲಿ ಮನೆಯ ಮಾಡಿಗಿಂತ ಎತ್ತರದ ಧರೆ ಹಸಿಮಣ್ಣಿನ ಗೋಡೆಯಂತೆ ನಿಂತಿತ್ತು. ರಸ್ತೆ ಪಶ್ಚಿಮಕ್ಕೆ. ಕಣ್ಣಿದ್ದವರು ಬಾಗಿಲನ್ನು ರಸ್ತೆಗೆ ಇಡುತ್ತಾರೆ. ನಮ್ಮ ಪುನರ್ವಸತಿ ಸಮಿತಿಯ ಅಧ್ಯಕ್ಷರು ಕೊಪ್ಪದಿಂದ ವಾಸ್ತುವಿನವರನ್ನು ಕರೆಸಿದರು. ಅವರು ಮೊಬೈಲಿನಲ್ಲಿ ದಿಕ್ಕು ನೋಡಿ, ಕಾಫಿ ಕುಡಿದು, ಆರೂ ಮನೆಗೆ ಪೂರ್ವದ ಬಾಗಿಲು ಹೇಳಿ ಹೋದರು. ಅಷ್ಟು ಹೊತ್ತೂ ಧರೆಗೆ ಬೆನ್ನು ಹಾಕಿ ಕೂತಿದ್ದರೆಂದು ನನ್ನ ನೆನಪು. ಇಷ್ಟು ಅನುಕೂಲವಾಗಿ ಒದಗುವ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಹಳೆಯ ಮನೆಗಳೂ ಪೂರ್ವಕ್ಕೇ ಇದ್ದವು, ಅದಕ್ಕೇ ಯಾರೂ ಸಾಯಲಿಲ್ಲ ಎಂದು ಎಲ್ಲರೂ ಹೇಳತೊಡಗಿದರು. ನನಗೂ ಹೊಸ್ತಿಲ ಮೇಲೆ ಬೀಳುತ್ತಿದ್ದ ಎಳೆಬಿಸಿಲು ಕಣ್ಣಿಗೆ ಕಟ್ಟಿತು. ಆಮೇಲೆ ಯೋಚಿಸಿದರೆ, ಜಗಲಿಯಲ್ಲಿ ಕೂತು ನಾವು ನೋಡುತ್ತಿದ್ದದ್ದು ಸೂರ್ಯ ಮುಳುಗುವುದನ್ನು. ಇಡೀ ಕೇರಿ ತನ್ನ ಮನೆಗಳ ಮುಖ ಮರೆತಿತ್ತು, ಇತಿಹಾಸದಲ್ಲಿ ಎಂ.ಎ. ಮಾಡಿದ ನಾನೂ ಸೇರಿ.

ಒಪ್ಪದೆ ಉಳಿದವರು ಪಕ್ಕದ ಮನೆಯ ಚಿಕ್ಕಮ್ಮ ಒಬ್ಬರೇ. ಹಳೆಯ ಮನೆಯ ಹಿಂದಿನ ಧರೆ ಕುಸಿದಾಗ ಅವರು ಸೊಂಟದವರೆಗೆ ಮಣ್ಣಿನಲ್ಲಿ ಸಿಕ್ಕಿಕೊಂಡಿದ್ದರು. ಹೊಸ ಮನೆಯ ಬೀಗದಕೈ ಸಿಕ್ಕಿದರೂ ಮೇಗುಂದದ ಮಗಳ ಮನೆಯಿಂದ ಬರಲಿಲ್ಲ. ಒಕ್ಕಲು ಬಾರದಿದ್ದರೆ ಮನೆ ಬೇರೆಯವರ ಪಾಲಾಗುತ್ತದೆ ಎಂದು ಅಧ್ಯಕ್ಷರು ಹೇಳಿಕಳಿಸಿದರು.

ಚಿಕ್ಕಮ್ಮ ಬಂದರು. ಬಾಗಿಲು ತೆರೆದರು, ಎದುರಿನ ಧರೆ ನೋಡಿದರು, ಮುಚ್ಚಿದರು.

"ದಿನಾ ಎದ್ದು ಇದ್ರ ಮುಖ ನೋಡ್ಬೇಕನಾ? ನಂಗಾಗದಿಲ್ಲ ಮಾರಾಯ," ಎಂದರು ನನಗೆ.

ರಸ್ತೆಯ ಕಡೆಯ ಕಿಟಕಿ ಒಡೆಸಿ ಅಲ್ಲೇ ಬಾಗಿಲು ಇಡಿಸಿದರು. ಅಧ್ಯಕ್ಷರು ಓಡಿಬಂದು, ಪಶ್ಚಿಮದಿಂದ ಒಳಗೆ ಹೋದರೆ ಕೇಡು ಕಾದಿದೆ ಎಂದು ಹೆದರಿಸಿದರು.

"ಕೇಡು ಆ ಬದೀಲಿ ನಿಂತದೆ, ನೋಡ್ಕಳಿ ಭಾವ," ಎಂದು ಚಿಕ್ಕಮ್ಮ ಹಾಲುಕ್ಕಿಸಲು ಒಳಗೆ ಹೋದರು.

ಮೊದಲ ಮಳೆಗೇ ಉಳಿದ ಐದು ಮನೆಗಳ ಹೊಸ್ತಿಲವರೆಗೆ ಕೆಸರು ಇಳಿದು ಬಂತು. ಈಗ ನಾವೆಲ್ಲ ಬಚ್ಚಲ ಬಾಗಿಲಿನಿಂದ ನುಸುಳಿ ರಸ್ತೆ ಸೇರುತ್ತೇವೆ. ಮುಂಬಾಗಿಲಿಗೆ ಹಬ್ಬದ ತೋರಣ ಮಾತ್ರ ತಪ್ಪಿಸಿಲ್ಲ. ಕೆಸರು ಬಂದದ್ದು ಚಿಕ್ಕಮ್ಮನ ಮನೆಯ ವಾಸ್ತುದೋಷದಿಂದ ಎಂದು ಅಧ್ಯಕ್ಷರು ಹೇಳುತ್ತಾರೆ. ಬಚ್ಚಲಿನಿಂದ ಹೊರಬರುವವರೆಲ್ಲ ತಲೆಯಾಡಿಸುತ್ತಾರೆ. ಚಿಕ್ಕಮ್ಮ ತಮ್ಮ ಬಾಗಿಲಲ್ಲಿ ಕೂತು ನಮ್ಮ ಮೆರವಣಿಗೆ ನೋಡುತ್ತಾರೆ.