ಅತ್ತೆ ತಲೆ ಎಣಿಸಿದ ಹಡಗು

ನಮ್ಮ ಲಿಫ್ಟ್ ಮೆಕ್ಯಾನಿಕ್‌ಗೆ ಮದುವೆಯಾಗಿ ಆರು ವರ್ಷ. ಈ ಆರು ವರ್ಷದಲ್ಲಿ ಅವನು ರಜೆ ಹಾಕಿದ್ದು ಎರಡೇ ಸಲ, ಎರಡೂ ಜ್ವರಕ್ಕೆ. ಅದರಲ್ಲಿ ಒಂದು ಜ್ವರ ನಿಜ. ಅಂಥವನಿಗೆ ಕಂಪನಿ ಐದು ದಿನದ ಹಡಗುಯಾನದ ಟಿಕೆಟನ್ನು ಬಹುಮಾನವಾಗಿ ಕೊಟ್ಟಿತು. ಅವನ ಪಾಲಿನ ನಲವತ್ತು ಲಿಫ್ಟುಗಳಲ್ಲಿ ಒಂದೂ ವರ್ಷವಿಡೀ ನಡುದಾರಿಯಲ್ಲಿ ನಿಂತಿರಲಿಲ್ಲವಂತೆ. ಟಿಕೆಟ್ ಮೂವರಿಗೆ: ಗಂಡ, ಹೆಂಡತಿ, ಮತ್ತೊಬ್ಬರು.

ಆ ಮತ್ತೊಬ್ಬರು ಯಾರೆಂದು ಹೆಂಡತಿ ಕೇಳಲಿಲ್ಲ, ಹೇಳಿದಳು. "ಅಮ್ಮನ್ನ ಬಿಟ್ಟು ಹೋದ್ರೆ ದಿನಕ್ಕೆ ಅರವತ್ತು ಫೋನ್ ಮಾಡ್ತಾರೆ ರೀ. ಸಮುದ್ರದಲ್ಲಿ ಸಿಗ್ನಲ್ ಇರಲ್ಲ. ಅರವತ್ತೊಂದನೇದು ಪೊಲೀಸರಿಗೆ."

ಅತ್ತೆಗೆ ಗಾಬರಿ ಹುಟ್ಟುಗುಣ. ಒಲೆಯ ಮೇಲೆ ಹಾಲಿಟ್ಟರೆ ಹಾಲಿಗಿಂತ ಮೊದಲು ಅವರು ಉಕ್ಕುತ್ತಾರೆ. ಅಳಿಯ ಲಿಫ್ಟ್ ಮೆಕ್ಯಾನಿಕ್ ಆದರೂ ಅವರು ಜನ್ಮದಲ್ಲಿ ಲಿಫ್ಟ್ ಹತ್ತಿದವರಲ್ಲ. ಕೇಳಿದರೆ, "ಅದು ಅಷ್ಟು ಚೆನ್ನಾಗಿದ್ರೆ ನಿಮಗೆ ದಿನಾ ಕೆಲಸ ಯಾಕಿರುತ್ತೆ ಅಳಿಯಂದ್ರೇ?" ಎಂದು ಬಾಯಿ ಮುಚ್ಚಿಸುತ್ತಾರೆ.

"ಬರ್ತೀನಿ," ಎಂದರು ಅತ್ತೆ. "ಆದ್ರೆ ಒಂದು ಮಾತು. ಮಾರನೇ ದಿನ ಬೆಳಿಗ್ಗೆ ಮೊದಲನೇ ಬಂದರು ಬರುತ್ತಲ್ಲ, ಅಷ್ಟರೊಳಗೆ ನನಗೆ ಸರಿ ಕಾಣದಿದ್ರೆ ಮೂವರೂ ಇಳಿದು ಬಸ್ ಹಿಡಿಯೋದು."

ಅವನು ಒಪ್ಪಿದ. ಒಂದು ದಿನ ಅತ್ತೆಯನ್ನು ಅಲುಗದಂತೆ ಕಾಪಾಡಿದರೆ ಉಳಿದ ನಾಲ್ಕು ದಿನ ತಮ್ಮವೇ ಎಂದು ಹೆಂಡತಿಗೆ ಪಿಸುಗುಟ್ಟಿದ. ಅವಳು ಆಗಲೇ ಎರಡು ಟೋಪಿ ಕೊಂಡಿದ್ದಳು.

ಹಡಗಿನಲ್ಲಿ ಅವರ ಕೋಣೆ ಒಂಬತ್ತನೇ ಅಂತಸ್ತಿನಲ್ಲಿ, ಊಟದ ಹಾಲ್ ನಾಲ್ಕನೇದರಲ್ಲಿ. ಹೊರಟ ಮಧ್ಯಾಹ್ನವೇ ಅತ್ತೆ ಮಗಳೊಂದಿಗೆ ಕಂಬಿ ಹಿಡಿದು ಮೆಟ್ಟಿಲಿಳಿಯತೊಡಗಿದರು. ಅಳಿಯನಿಗೆ ಕಸುಬಿನ ಅಭಿಮಾನ ನೆತ್ತಿಗೇರಿತು. "ನೀವು ನಿಧಾನಕ್ಕೆ ಬನ್ನಿ ಅತ್ತೆ, ನಾನು ಲಿಫ್ಟಲ್ಲಿ ಹೋಗಿ ಕೆಳಗೆ ಕಾಯ್ತೀನಿ. ಎಷ್ಟು ಸಲೀಸು ಅಂತ ನೀವೇ ನೋಡಿ!"

ಲಿಫ್ಟಿನಲ್ಲಿ ಕನ್ನಡಿ, ಸಂಗೀತ, ಅವನೊಬ್ಬನೇ. ಏಳನೇ ಅಂತಸ್ತು ದಾಟುತ್ತಲೇ ಬಾಗಿಲು 'ಕಿರ್' ಎಂದಿತು. ಬೇರೆ ಯಾರಾದರೂ ಆಗಿದ್ದರೆ ಸಂಗೀತ ಕೇಳುತ್ತಿದ್ದರು. ಇವನು ಬಾಗಿಲ ಸಂದಿಗೆ ಬೆರಳು ತೂರಿಸಿ ಕೂದಲೆಳೆಯಷ್ಟು ಸರಿಸಿದ. ಬಾಗಿಲು ತೆರೆಯಿತೆಂದು ಬೆದರಿದ ಲಿಫ್ಟ್ ಅಲ್ಲೇ ನಿಂತುಬಿಟ್ಟಿತು. ಹೀಗೇ ಆಗುತ್ತದೆಂದು ಆ ಹಡಗಿನಲ್ಲಿ ಚೆನ್ನಾಗಿ ಗೊತ್ತಿದ್ದ ಒಬ್ಬಿಬ್ಬರಲ್ಲಿ ಅವನೂ ಒಬ್ಬ. ಗಂಟೆಯ ಗುಂಡಿ ಒತ್ತಿದ. ಅದೇ ಗಳಿಗೆಗೆ, ಅಪಾಯ ಬಂದರೆ ಎಲ್ಲಿ ಸೇರಬೇಕೆಂದು ಕಲಿಸುವ ಅಭ್ಯಾಸಕ್ಕಾಗಿ, ಇಡೀ ಹಡಗಿನ ಸೈರನ್ ಕೂಗಿತು. ಅವನ ಗಂಟೆ ಯಾರಿಗೆ ಕೇಳಬೇಕು?

ಡೆಕ್ಕಿನ ಮೇಲೆ ನಡೆದದ್ದನ್ನು ಹೆಂಡತಿ ಆಮೇಲೆ ಹೇಳಿದ್ದು, ಪ್ರತಿ ಸಲ ಸ್ವಲ್ಪ ಹೆಚ್ಚು ಬಣ್ಣ ಹಚ್ಚಿ. ಎಲ್ಲರೂ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ನಿಂತಿದ್ದರು. ಬಿಳಿ ಅಂಗಿಯ ಅಧಿಕಾರಿಣಿ ಯಂತ್ರ ಹಿಡಿದು ಒಬ್ಬೊಬ್ಬರ ಗುರುತಿನ ಕಾರ್ಡ್ ಮುಟ್ಟಿಸಿಕೊಳ್ಳುತ್ತಿದ್ದಳು. ಗಂಡ ಎಲ್ಲೋ ಗುಂಪಿನಲ್ಲಿರಬೇಕೆಂದು ಹೆಂಡತಿ ತನ್ನ ಪರ್ಸಿನಲ್ಲಿದ್ದ ಅವನ ಕಾರ್ಡನ್ನೂ ಮುಟ್ಟಿಸಿದಳು.

"ಸರಿ, ಎಲ್ಲರೂ ಬಂದಾಯ್ತು," ಎಂದಳು ಅಧಿಕಾರಿಣಿ.

"ಕಾರ್ಡು ಬಂದಿದೆ," ಎಂದರು ಅತ್ತೆ. "ಮನುಷ್ಯ ಎಲ್ಲಿ?"

"ಅಮ್ಮಾ, ಇದು ಬರೀ ಅಭ್ಯಾಸ," ಎಂದು ಅಧಿಕಾರಿಣಿ ಸಮಾಧಾನ ಹೇಳಿದಳು.

"ಅಭ್ಯಾಸದಲ್ಲೇ ಒಬ್ಬ ಹೋದ್ರೆ, ನಿಜವಾದ್ದರಲ್ಲಿ ಎಷ್ಟು ಜನ ಹೋಗ್ತಾರೆ?"

ಉತ್ತರಕ್ಕೆ ಕಾಯದೆ ಅತ್ತೆ ಮೆಟ್ಟಿಲಿಳಿದರು. ಒಂದೊಂದು ಅಂತಸ್ತಿನಲ್ಲೂ ಲಿಫ್ಟಿನ ಬಾಗಿಲನ್ನು ದಬದಬ ಬಡಿದರು. ಹಿಂದೆ ಮಗಳು, ಅವಳ ಹಿಂದೆ ಅಧಿಕಾರಿಣಿ. ಆರನೇ ಅಂತಸ್ತಿನಲ್ಲಿ ಒಳಗಿನಿಂದ ಕ್ಷೀಣವಾಗಿ ಯಾರೋ ಬಡಿದರು.

"ಅಳಿಯಂದ್ರೇ!"

ಎಂಟು ವರ್ಷದಿಂದ ಅವನು ಮುಚ್ಚಿದ ಬಾಗಿಲುಗಳಿಗೆ "ಗಾಬರಿಯಾಗಬೇಡಿ, ಹತ್ತೇ ನಿಮಿಷ" ಎನ್ನುತ್ತ ಬಂದವನು. ಆ ಮಾತಿನಿಂದ ಒಳಗಿದ್ದವರಿಗೆ ಚೂರೂ ಉಪಯೋಗವಿಲ್ಲವೆಂದು ಅಂದು ತಿಳಿಯಿತು. ಅಂಗಿ ಹಿಂಡಿದರೆ ಒಂದು ಚೊಂಬು ಬೆವರು.

"ನನಗೇನೂ ಗಾಬರಿ ಆಗ್ತಿಲ್ಲ ಅತ್ತೇ!" ಎಂದು ಕೀರಲು ದನಿಯಲ್ಲಿ ಕೂಗಿದ.

"ಆಗ್ಲಿ ಬಿಡಿ! ಆದ್ರೆ ಕೂತ್ಕೊಂಡು ಗಾಬರಿಯಾಗಿ. ನಿಂತು ಆದ್ರೆ ಬಿದ್ದು ತಲೆ ಒಡ್ಕೋತೀರಿ."

ಅವನು ಕೂತ.

"ಈಗ ಏನೇನು ಆಗಬಹುದೋ ಒಂದೊಂದಾಗಿ ಹೇಳಿ."

"ಹಗ್ಗ ಕಡಿಯಬಹುದು."

"ಕಡಿಯುತ್ತಾ?"

"ಇಲ್ಲ... ಐದಾರು ತಂತಿ ಹಗ್ಗ ಇರ್ತವೆ."

"ಮುಂದಿನದು."

"ಗಾಳಿ ಮುಗೀಬಹುದು."

"ಮುಗಿಯುತ್ತಾ?"

"ಇಲ್ಲ, ಮೇಲೆ ಕಿಂಡಿ ಇದೆ."

"ಮುಂದಿನದು."

"ಕಂಪನಿಗೆ ಗೊತ್ತಾಗಬಹುದು."

"ಅದಕ್ಕೆ ಸ್ವಲ್ಪ ಗಾಬರಿಯಾಗಿ," ಎಂದರು ಅತ್ತೆ.

ಹಡಗಿನ ಮೆಕ್ಯಾನಿಕ್ ಬಂದು ಬಾಗಿಲು ತೆರೆಸಿದಾಗ ಅಳಿಯ ನೆಲದ ಮೇಲೆ ಕೂತು ಬಿದ್ದು ಬಿದ್ದು ನಗುತ್ತಿದ್ದ. "ಕೈ ಹಾಕಿದ್ರಾ? ಗೊತ್ತಿಲ್ಲದೋರು ಹೀಗೆಲ್ಲ ಮಾಡಬಾರದು ಸಾರ್," ಎಂದ ಮೆಕ್ಯಾನಿಕ್. ಅಳಿಯ ಗೋಣು ಹಾಕಿದ.

ಮಾರನೆಯ ಬೆಳಿಗ್ಗೆ ಬಂದರು ಬಂತು. ಅತ್ತೆ ಚೀಲ ಹಿಡಿದು ಇಳಿಯುವ ಬಾಗಿಲ ಬಳಿ ನಿಂತಿದ್ದರು. ಹೆಂಡತಿ ಟೋಪಿಗಳೆರಡನ್ನೂ ಪೆಟ್ಟಿಗೆಯ ತಳಕ್ಕೆ ತುರುಕಿ ಬಂದಿದ್ದಳು. ಅಳಿಯ ಚೀಲಕ್ಕೆ ಕೈ ಚಾಚಿದ. "ಮಾತು ಅಂದ್ರೆ ಮಾತು ಅತ್ತೆ. ಬಸ್ ಸ್ಟ್ಯಾಂಡ್ ಹತ್ತಿರಾನೇ ಇದೆಯಂತೆ."

ಅತ್ತೆ ಚೀಲ ಬಿಡಲಿಲ್ಲ. ಊರು ನೋಡಲು ಇಳಿಯುತ್ತಿದ್ದ ಜನರ ಸಾಲನ್ನೇ ನೋಡುತ್ತಿದ್ದರು. ಒಬ್ಬ ಧಡೂತಿ ಮನುಷ್ಯ ಮನೆಯವರ ಕಾರ್ಡುಗಳನ್ನೆಲ್ಲ ಇಸ್ಪೀಟ್ ಎಲೆಗಳಂತೆ ಹಿಡಿದು ಟಕಟಕ ಮುಟ್ಟಿಸಿ ನಡೆದುಬಿಟ್ಟ.

"ನೋಡಿದ್ರಾ? ನಾಲ್ಕು ಕಾರ್ಡು, ಮೂರು ತಲೆ! ಇವರನ್ನೆಲ್ಲ ಹೀಗೇ ಬಿಟ್ಟು ಬಸ್ ಹತ್ತಿದ್ರೆ ನನಗೆ ಅನ್ನ ಇಳಿಯುತ್ತಾ?"

"ಹಾಗಾದ್ರೆ?"

"ಹಾಗಾದ್ರೆ ಏನು? ಒಂದು ಕುರ್ಚಿ ತನ್ನಿ."

ಹೆಂಡತಿ ಕಿಸಕ್ಕನೆ ನಕ್ಕಳು. ಅಳಿಯ ಓಡಿದ. ಈಜುಕೊಳದ ಪಕ್ಕದಿಂದ ಪಟ್ಟೆಪಟ್ಟೆಯ ಕುರ್ಚಿಯೊಂದನ್ನೆತ್ತಿ ತಲೆಯ ಮೇಲೆ ಹೊತ್ತು, ಮೂವತ್ತೆರಡು ವರ್ಷದ ಸಂಬಳದ ಗಂಡಸು ಕುಣಿಯಬಹುದಾದಷ್ಟೂ ಕುಣಿಯುತ್ತ ಬಂದ.

"ಓಡಬೇಡಿ ಅಳಿಯಂದ್ರೇ, ಜಾರುತ್ತೆ!" ಎಂದು ಅತ್ತೆ ಅಲ್ಲಿಂದಲೇ ಕೂಗಿದರು. ಕೂಗುತ್ತಲೇ ಬೆರಳು ಮಡಚುತ್ತಿದ್ದರು. "ನಿಲ್ಲಿ, ಲೆಕ್ಕ ತಪ್ಪಿಸಬೇಡಿ. ಇನ್ನೂರ ಹನ್ನೊಂದು... ಇನ್ನೂರ ಹನ್ನೆರಡು..."